‘ನೀನು’ ಎಂಬ ಸಂಬೋಧನೆ

ವರದಿಗೆ ಸಲ್ಲುವ ವಸ್ತುವನ್ನು ಕಾವ್ಯ ಏಕೆ ಎತ್ತಿಕೊಳ್ಳಬೇಕು? ಅಮೆರಿಕದ ಕವಯಿತ್ರಿ ಕ್ಲಾಡಿಯಾ ರ‍್ಯಾಂಕಿನ್ ಅವರ ‘ಸಿಟಿಜನ್’ (2014) ಈ ಪ್ರಶ್ನೆಯನ್ನು ಮತ್ತೆ ಎತ್ತುತ್ತದೆ. ಉಪಶೀರ್ಷಿಕೆಯಲ್ಲಿ ಇದು ಭಾವಗೀತೆ. ಪುಟ ತೆರೆದರೆ ಬಹುಮಟ್ಟಿಗೆ ಗದ್ಯ.

ಆದರೆ ಭಾವಗೀತೆಯ ‘ನಾನು’ ಇಲ್ಲಿ ಹಿಂದೆ ಸರಿದು, ಮಧ್ಯಮಪುರುಷ ಮುಂದೆ ನಿಂತಿದೆ. ಹೀಗಾಗಿ, ಮೈಬಣ್ಣ ಕಂಡೊಡನೆ ಶಂಕಿಸಿ ಪೊಲೀಸರು ತಡೆದು ನಿಲ್ಲಿಸುವುದು ಓದುಗನನ್ನೇ. ಕನ್ನಡಕ್ಕೆ ತರುವವನಿಗೆ ಇಲ್ಲಿಯೇ ತೊಡಕು. ‘ನೀವು’ ಎಂದರೆ ಮರ್ಯಾದೆ ಉಳಿದು ಅವಮಾನ ಜಾರಿಹೋಗುತ್ತದೆ. ನಾನಾದರೆ ‘ನೀನು’ ಎಂದೇ ಇಡುವೆನು: ತಾಯಿ ಕರೆಯುವುದೂ ಅದರಿಂದಲೇ, ಠಾಣೆ ಗದರಿಸುವುದೂ ಅದರಿಂದಲೇ. ಕೃತಿಗೆ ಎರಡೂ ದನಿ ಬೇಕು.

ದೃಶ್ಯಚಿತ್ರಕ್ಕೆಂದು ಬರೆದ ಭಾಗಗಳು ಹಾಳೆಯ ಮೇಲೆ ಸೊರಗಿವೆ ಎಂಬುದನ್ನು ಹೇಳಲೇಬೇಕು. ಆದರೆ ಒಂದು ಪುಟ ಎಲ್ಲ ಆಕ್ಷೇಪಗಳನ್ನೂ ಮೀರುತ್ತದೆ. ಅದು ಕೊಲೆಗೀಡಾದ ಕಪ್ಪು ಜನರ ಸ್ಮರಣೆಯ ಪಟ್ಟಿ. ಮರುಮುದ್ರಣಗಳಲ್ಲಿ ಪಟ್ಟಿ ಬೆಳೆಯಿತು. 2014ರ ಆಗಸ್ಟ್‌ನಲ್ಲಿ ಫರ್ಗುಸನ್‌ನಲ್ಲಿ ಪೊಲೀಸ್ ಗುಂಡಿಗೆ ಬಲಿಯಾದ ಮೈಕೆಲ್ ಬ್ರೌನ್ ಅದರಲ್ಲಿ ಸೇರಿದರು. ಕೆಳಗೆ ಹೆಸರಿಲ್ಲದ ಸಾಲುಗಳು ಮಸುಕಾಗುತ್ತ ಹೋಗುತ್ತವೆ. ಆ ಖಾಲಿ ಜಾಗ ಮುಂದೆ ಸಾಯಲಿರುವವರದು! ವರದಿ ನಡೆದುಹೋದದ್ದನ್ನು ತಿಳಿಸೀತು. ನಡೆಯಲಿರುವುದಕ್ಕೆ ಹೀಗೆ ಜಾಗ ಬಿಡಲಾರದು.

2015ರ ನವೆಂಬರಿನಲ್ಲಿ, ಇಲಿನಾಯ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದ ಡೊನಾಲ್ಡ್ ಟ್ರಂಪರ ಚುನಾವಣಾ ಸಭೆಯಲ್ಲಿ, ಕಪ್ಪು ಯುವತಿಯೊಬ್ಬಳು ಭಾಷಣಕಾರರ ಹಿಂದೆಯೇ ಕುಳಿತು ಈ ಪುಸ್ತಕವನ್ನು ಓದುತ್ತಿದ್ದಳು. ಹಿಂದಿನವರು ಆಕ್ಷೇಪಿಸಿದರೂ ಕೆಳಗಿಡಲಿಲ್ಲ. ಘೋಷಣೆ ಕೂಗದ ಆ ಪ್ರತಿಭಟನೆಗೆ ಒದಗಿಬಂದದ್ದು ಕವಿತೆಯೇ ಅಲ್ಲವೆ?