ಸೋತ ಸೂತ್ರಗಳ ಲೆಕ್ಕ ಎಲ್ಲಿದೆ?

ಯಾವ ಶೇರು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂಬುದಕ್ಕೆ ಗಣಿತದ ಸೂತ್ರ ಕಟ್ಟುವವರನ್ನು ಹಣಕಾಸು ಪೇಟೆಯಲ್ಲಿ ‘ಕ್ವಾಂಟ್’ ಎನ್ನುತ್ತಾರೆ. ಬೆಂಗಳೂರಿನ ಈ ಕೆಲಸದ ಮೇಲೆ ಬಾಗಲಕೋಟೆ ಕಡೆಯ ಎಂಜಿನಿಯರಿಂಗ್ ಹುಡುಗರಿಗೂ ಕಣ್ಣಿದೆ. ಇದರ ದೊಡ್ಡ ಗುಣ ಶಿಸ್ತು. ಗಾಳಿಮಾತಿಗೂ ದುರಾಸೆಗೂ ಸೂತ್ರ ಜಗ್ಗುವುದಿಲ್ಲ.

ದೋಷವಿರುವುದು ಸೂತ್ರವನ್ನು ಒರೆಗೆ ಹಚ್ಚುವ ರೀತಿಯಲ್ಲಿ. ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವುದಕ್ಕೆ ಬ್ಯಾಕ್‌ಟೆಸ್ಟ್ ಎಂದು ಹೆಸರು. ಏನೇನೂ ಸತ್ವವಿಲ್ಲದ 100 ಸೂತ್ರಗಳನ್ನು, ಆಕಸ್ಮಿಕಕ್ಕೆ ಶೇ 5ರಷ್ಟು ಅವಕಾಶ ಬಿಡುವ ಮಟ್ಟದಲ್ಲಿ ಪರೀಕ್ಷಿಸಿದರೂ ಸುಮಾರು ಐದು ಬರೀ ಅದೃಷ್ಟದಿಂದ ಪಾಸಾಗುತ್ತವೆ. ಗಿರಾಕಿಗೆ ತೋರಿಸುವುದು ಆ ಐದರ ಗ್ರಾಫನ್ನು ಮಾತ್ರ. ಇನ್ನೊಂದು ಮೋಸ ಇದಕ್ಕಿಂತ ನಾಜೂಕು. ಇಂದಿನ ನಿಫ್ಟಿ 50 ಶೇರು ಸೂಚ್ಯಂಕದ ಕಂಪನಿಗಳ ಪಟ್ಟಿ ಹಿಡಿದು ಇಪ್ಪತ್ತು ವರ್ಷದ ಲಾಭ ಲೆಕ್ಕ ಹಾಕಿದರೆ, 2009ರಲ್ಲಿ ಪಟ್ಟಿಯಿಂದ ಹೊರಬಿದ್ದ ಸತ್ಯಂ, 2020ರಲ್ಲಿ ಹೊರಬಿದ್ದ ಯೆಸ್ ಬ್ಯಾಂಕ್ ಎಣಿಕೆಗೇ ಸಿಗುವುದಿಲ್ಲ. ಉಳಿದವರನ್ನಷ್ಟೇ ಎಣಿಸಿದರೆ ಲಾಭ ಉಬ್ಬದೆ ಇನ್ನೇನಾದೀತು?

ಪಾಂಡಿತ್ಯವೂ ಇಲ್ಲಿ ಕಾಯಲಾರದು. 1997ರಲ್ಲಿ ನೊಬೆಲ್ ಪಡೆದ ರಾಬರ್ಟ್ ಮರ್ಟನ್, ಮೈರನ್ ಶೋಲ್ಸ್ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ನಿಧಿ ಮರುವರ್ಷವೇ, ರಷ್ಯಾ ಸಾಲ ಕಟ್ಟಲಾರೆನೆಂದು ಕೈಚೆಲ್ಲಿದ ಮೇಲೆ, ನೆಲಕಚ್ಚಿತು. ಅಂಥ ಆಘಾತ ತೀರಾ ಅಪರೂಪವೆಂದು ಅದರ ಸೂತ್ರಗಳು ಬಗೆದಿದ್ದವು.

ಸೋತ ಸೂತ್ರಗಳು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಆದರೆ ಇದೇ ಬಾಗಲಕೋಟೆ ಕಡೆಯ ಮಲಪ್ರಭೆಯ ದಂಡೆಯಲ್ಲಿ ಗುಡಿ ಕಟ್ಟಿದ ಶಿಲ್ಪಿಗಳ ಪ್ರಯೋಗ ಹೀಗೆ ಮರೆಯಲ್ಲಿ ನಡೆದದ್ದಲ್ಲ. ಐಹೊಳೆಯಲ್ಲಿ ಇಳಿಜಾರು ಚಪ್ಪಡಿ ಹೊದಿಸಿದ ಲಾಡಖಾನ್ ಗುಡಿ, ಹಿಂಬದಿ ದುಂಡಾದ ದುರ್ಗದ ಗುಡಿ. ಪಟ್ಟದಕಲ್ಲಿನಲ್ಲಿ ನಾಗರ ಶಿಖರಕ್ಕೆ ದ್ರಾವಿಡ ಚಹರೆ ಬೆರೆಸಿದ ಪಾಪನಾಥ. ಕೈಕೂಡಿದ್ದು, ಅರೆಬರೆಯಾದದ್ದು ಎರಡನ್ನೂ ಇವತ್ತಿಗೂ ನೋಡಿ ತೂಗಬಹುದು. ಬಿದ್ದುಹೋದ ಗುಡಿಗಳೂ ಇದ್ದಾವು, ಆದರೆ ಅವನ್ನು ಯಾರೂ ಬೇಕೆಂದೇ ಬಚ್ಚಿಡಲಿಲ್ಲ. ಸುಮಾರು 740ರ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲೇ ಇದೆ. ಹೊಣೆ ಯಾರದೆಂದು ಹುಡುಕಬೇಕಿಲ್ಲ.

ಈ ಹೊಣೆಗಾರಿಕೆಯ ಕಡೆಗೆ ಶೇರುಪೇಟೆಯ ನಿಯಂತ್ರಕ ಸೆಬಿ 2025ರ ಫೆಬ್ರುವರಿಯಲ್ಲಿ ಒಂದು ಹೆಜ್ಜೆ ಇಟ್ಟಿತು. ಒಳಗಿನ ತರ್ಕ ಬಳಕೆದಾರನಿಗೆ ಕಾಣದಂಥ ಅಲ್ಗೊ, ಅಂದರೆ ತಾನೇ ಕೊಂಡು ಮಾರುವ ಕಂಪ್ಯೂಟರ್ ಸೂತ್ರ, ಒದಗಿಸುವವರು ರಿಸರ್ಚ್ ಅನಲಿಸ್ಟ್ ಆಗಿ ನೋಂದಾಯಿಸಿಕೊಳ್ಳಬೇಕು, ಪ್ರತಿ ಅಲ್ಗೊಗೂ ಸಂಶೋಧನಾ ವರದಿ ಇಡಬೇಕು ಎಂದಿತು. ಆ ವರದಿಯಲ್ಲಿ ಗೆದ್ದ ಸೂತ್ರದ ಬಣ್ಣನೆಯಷ್ಟೇ ಇದ್ದರೆ ಸಾಲದು. ಎಷ್ಟು ಸೂತ್ರ ಪ್ರಯತ್ನಿಸಿ ಕೈಬಿಟ್ಟರು, ದಲಾಲಿ-ತೆರಿಗೆ ಕಳೆದು ಎಷ್ಟು ಉಳಿಯಿತು ಎಂಬುದೂ ಇರಬೇಕು. ಇವೆರಡು ಅಂಕಿ ಸಿಗದಿದ್ದರೆ, ಗ್ರಾಫ್ ಎಷ್ಟೇ ಮೇಲಕ್ಕೇರಿರಲಿ, ಇಳಕಲ್ಲಿನ ನೇಕಾರ ತನ್ನ ಉಳಿತಾಯವನ್ನು ಅದಕ್ಕೆ ಹಾಕಬಾರದು.