ಮನೆ ಬಾಗಿಲಿಗೇ ಬರುವ ಕಾರಿನ ಗಾಜು

ಕಾರಿನ ಗಾಜು ಒಡೆದರೆ ಗ್ಯಾರೇಜಿಗೆ ಅಲೆಯಬೇಡಿ, ನೀವಿದ್ದಲ್ಲಿಗೇ ಬಂದು ಕೂರಿಸಿಕೊಡುತ್ತೇವೆ ಎನ್ನುವ ಸೇವೆ ಕೋಲ್ಕತ್ತದಲ್ಲಿ ಈಗ ಹೊಸದೇನಲ್ಲ. ದೊಡ್ಡ ಕಂಪನಿಗಳ ಹೆಸರು ಹೊತ್ತ ಅಂಗಡಿಗಳೂ ಇದನ್ನು ಮಾಡುತ್ತವೆ, ಒಂದು ಬೈಕು, ಒಂದು ಟೂಲ್‌ಬ್ಯಾಗು ಇಟ್ಟುಕೊಂಡ ಒಂಟಿ ಮಿಸ್ತ್ರಿಗಳೂ ಮಾಡುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ನಿಮ್ಮ ಸಮಯ ಉಳಿಯುತ್ತದೆ. ನನ್ನ ತಕರಾರು ಆ ಮಾತಿನ ಮೇಲೆಯೇ. ಬಾಗಿಲಿನ ಗಾಜಿನ ಮಟ್ಟಿಗೆ ಅದು ಅಪ್ಪಟ ನಿಜ. ಮುಂದಿನ ಗಾಜಿನ ವಿಷಯದಲ್ಲಿ ಮಾತ್ರ, ಸಮಯ ಉಳಿಸಿಕೊಟ್ಟವನೇ ಕೆಲಸ ಕೆಡಿಸಿರುತ್ತಾನೆ.

ದಕ್ಷಿಣ ಕೋಲ್ಕತ್ತದ ಜಾದವ್‌ಪುರದಂಥ ಕಡೆ ಈ ಸೇವೆ ಬೇಕೆನಿಸುವುದಕ್ಕೆ ಊರಿನ ಚರಿತ್ರೆಯೂ ಒಂದು ಕಾರಣ. ದೇಶ ವಿಭಜನೆಯ ಹೊತ್ತಿಗೆ ಪೂರ್ವ ಬಂಗಾಳ ಬಿಟ್ಟು ಬಂದವರು ಕಟ್ಟಿಕೊಂಡ ಕಾಲೊನಿಗಳು ಇಲ್ಲಿ ಒತ್ತೊತ್ತಾಗಿವೆ. ಎರಡನೇ ಮಹಾಯುದ್ಧದ ಮಿಲಿಟರಿ ಶಿಬಿರವಿದ್ದ ಜಾಗದಲ್ಲಿ ಎದ್ದ ಬಿಜಯ್‌ಗಢ ಅವುಗಳಲ್ಲಿ ಒಂದು. ತುಂಡು ನಿವೇಶನ, ಕಿರಿದಾದ ಗಲ್ಲಿ. ತಲೆಯ ಮೇಲೊಂದು ಸೂರು ಸಿಕ್ಕರೆ ಸಾಕೆಂದವರು ಕಾರು ನಿಲ್ಲಿಸುವ ಲೆಕ್ಕ ಹಾಕಿರಲಿಲ್ಲ. ಈಗ ಅದೇ ನಿವೇಶನಗಳ ಮೇಲೆ ನಾಲ್ಕು ಅಂತಸ್ತಿನ ಫ್ಲ್ಯಾಟುಗಳು. ಕೆಳಗೆ ಎರಡೋ ಮೂರೋ ಕಾರಿಗೆ ಜಾಗ, ಉಳಿದವಕ್ಕೆ ಬೀದಿಯೇ ಗತಿ. ಬೀದಿಯಲ್ಲಿ ನಿಂತ ಕಾರಿನ ಗಾಜಿಗೆ ಶತ್ರುಗಳು ಕಡಿಮೆಯೇ? ಹುಡುಗರ ಕ್ರಿಕೆಟ್ ಚೆಂಡು, ಪೂಜಾ ಪೆಂಡಾಲಿಗೆ ಬಿದಿರು ಹೊತ್ತು ಬರುವ ಗಾಡಿ, ಬೇಸಿಗೆಯ ಸಂಜೆ ಇದ್ದಕ್ಕಿದ್ದಂತೆ ಎರಗುವ ಕಾಲ್‌ಬೈಶಾಖಿ ಗಾಳಿಗೆ ಮುರಿದು ಬೀಳುವ ಕೊಂಬೆ. 2020ರ ಮೇ 20ರಂದು ಅಂಫಾನ್ ಚಂಡಮಾರುತ ಬಂದಾಗ ನಗರದಲ್ಲಿ ಸಾವಿರಾರು ಮರಗಳು ಉರುಳಿ, ಎಷ್ಟೋ ಕಾರುಗಳು ಅವುಗಳಡಿ ಅಪ್ಪಚ್ಚಿಯಾದವು. ಗಾಜಿಲ್ಲದ ಕಾರನ್ನು ರಾಜಾ ಸುಬೋಧ್ ಚಂದ್ರ ಮಲ್ಲಿಕ್ ರಸ್ತೆಯ ದಟ್ಟಣೆಯಲ್ಲಿ ತೂರಿಸಿ, ಢಾಕುರಿಯಾ ಸೇತುವೆ ದಾಟಿಸಿ, ಬಿಡಿಭಾಗಗಳ ಮಲ್ಲಿಕ್ ಬಜಾರಿನವರೆಗೆ ಒಯ್ಯುವುದೆಂದರೆ ಅರ್ಧ ದಿನ ಹಾಳು. ಹಾಗಾಗಿ ಫೋನು ಮಾಡಿ ಕರೆಸುವವರನ್ನು ನಾನು ದೂರುವುದಿಲ್ಲ.

ಬಾಗಿಲಿನ ಗಾಜು ಟಫನ್ಡ್ ಗಾಜು. 600 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾಗಿ ಕಾಯಿಸಿ, ಎರಡೂ ಮೈಗೆ ಗಾಳಿ ಹೊಡೆಸಿ ಥಟ್ಟನೆ ಆರಿಸಿದ್ದು. ಹೊರಮೈ ಒತ್ತಿಕೊಂಡಿರುತ್ತದೆ, ಒಳಗಿನ ಪದರ ಎಳೆದುಕೊಂಡಿರುತ್ತದೆ. ಆ ಸಮತೋಲ ಒಂದು ಕಡೆ ತಪ್ಪಿದರೆ ಇಡೀ ಗಾಜು ಕಲ್ಲುಸಕ್ಕರೆಯ ಹರಳಿನಂತೆ ಉದುರಿಬಿಡುತ್ತದೆ. ಒಮ್ಮೆ ಟಫನ್ ಆದ ಗಾಜನ್ನು ಕತ್ತರಿಸಲಾಗದು. ಅಂದರೆ ಪ್ರತಿ ಮಾಡೆಲ್ಲಿನ ಪ್ರತಿ ಬಾಗಿಲಿಗೂ ಅದರದ್ದೇ ಗಾಜು ಕಾರ್ಖಾನೆಯಿಂದ ಬರಬೇಕು. ಆದ್ದರಿಂದ ಸೇವೆಯ ಯೋಗ್ಯತೆ ಮೊದಲು ತಿಳಿಯುವುದು ಫೋನಿನಲ್ಲೇ. ಗಾಡಿ ಯಾವ ವರ್ಷದ್ದು, ಯಾವ ಬಾಗಿಲು, ಹಿಂದಿನ ಗಾಜಾದರೆ ಡಿಫಾಗರ್ ಗೆರೆಗಳಿವೆಯೇ ಎಂದು ಕೇಳದೆ ರೇಟು ಹೇಳಿದವನು ಬಂದಮೇಲೆ ತಪ್ಪು ಗಾಜು ಹಿಡಿದು ನಿಲ್ಲುವ ಸಂಭವವೇ ಹೆಚ್ಚು.

ನಮ್ಮ ಗಲ್ಲಿಯಲ್ಲಿ ಒಬ್ಬ ಹುಡುಗ ಹಿಂದಿನ ಎಡಬಾಗಿಲಿನ ಗಾಜು ಹಾಕಿದ್ದನ್ನು ನಿಂತು ನೋಡಿದ್ದೆ. ಸೀಟಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿದ. ಹಿಡಿಯ ಹಿಂದೆ ಅಡಗಿದ್ದ ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಾಗಿಲ ಪ್ಯಾನೆಲ್ಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಟಪ್ ಟಪ್ ಎಂದು ಎಬ್ಬಿಸಿದ. ಅದರ ಹಿಂದೆ ಕಪ್ಪು ಅಂಟಿನಲ್ಲಿ ಹತ್ತಿಕೊಂಡ ಪ್ಲಾಸ್ಟಿಕ್ ಹಾಳೆ. ಅದನ್ನು ಹರಿಯದೆ, ಮೇಲಿಂದ ಅರ್ಧ ಸುಲಿದು ಬದಿಗೆ ಸಿಕ್ಕಿಸಿದ. ಆಮೇಲೆ ಕಾವಲುಗಾರನ ಕೋಣೆಯ ಪ್ಲಗ್ಗಿನಿಂದ ವೈರು ಎಳೆದು, ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಬಾಗಿಲ ಹೊಟ್ಟೆಗೆ ತೂರಿಸಿದ. ಹರಳುಗಳು ಕೊಳವೆಯಲ್ಲಿ ಗಲಗಲ ಎನ್ನುತ್ತಲೇ ಇದ್ದವು. ಮುಗಿಯಿತೆಂದು ನಾವು ಅಂದುಕೊಂಡಾಗ ಅವನು ಬಾಗಿಲನ್ನು ಎರಡು ಸಲ ದಢಾರನೆ ಹಾಕಿ, ಅದಕ್ಕೆ ಉದುರಿದ್ದನ್ನು ಮತ್ತೆ ಎಳೆದುಕೊಂಡ. ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ, ಬಾಗಿಲ ತಳದ ಸಣ್ಣ ತೂತುಗಳಿಗೆ ಒಂದು ತಂತಿ ಆಡಿಸಿದ. ಹೊಸ ಗಾಜು ಇಳಿಸಿ, ಬೋಲ್ಟು ಬಿಗಿದು, ಏರಿಸಿ ಇಳಿಸಿ ನೋಡಿದ್ದು ಹದಿನೈದು ನಿಮಿಷದ ಕೆಲಸ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಗುಡಿಸುವುದಕ್ಕೆ.

ಆ ತಂತಿ ಆಡಿಸಿದ್ದರಲ್ಲೇ ಕಸುಬು ಇರುವುದು. ಬಾಗಿಲ ಗಾಜಿನ ಬದಿಯಿಂದ ಮಳೆನೀರು ಒಳಗಿಳಿಯುವುದು ಸಹಜ, ಆ ತೂತುಗಳಿಂದ ಹೊರಗೆ ಹರಿದುಹೋಗಲೆಂದೇ ಬಾಗಿಲನ್ನು ಹಾಗೆ ಮಾಡಿರುತ್ತಾರೆ. ಹರಳು ಸಿಕ್ಕಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಕೋಲ್ಕತ್ತದಂಥ ಮಳೆಯ ಊರಿನಲ್ಲಿ ಬಾಗಿಲ ತಳ ತುಕ್ಕು ಹಿಡಿಯಲು ಬಹಳ ವರ್ಷ ಬೇಡ. ಇನ್ನು ಆ ಪ್ಲಾಸ್ಟಿಕ್ ಹಾಳೆ. ಅವಸರದ ಮಿಸ್ತ್ರಿ ಅದನ್ನು ಕಿತ್ತು ಚರಂಡಿಗೆ ಎಸೆಯುತ್ತಾನೆ. ಪ್ಯಾನೆಲ್ ಮುಚ್ಚಿದಮೇಲೆ ಯಾರಿಗೂ ಕಾಣುವುದಿಲ್ಲ. ಮುಂದಿನ ಆಷಾಢದಲ್ಲಿ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ವಾಸನೆ ಹೊಡೆಯತೊಡಗಿದಾಗ ಗಾಜು ಹಾಕಿಸಿದ್ದು ಯಾರ ನೆನಪಿಗೂ ಬರುವುದಿಲ್ಲ. ಇಷ್ಟನ್ನು ಕಣ್ಣಿಟ್ಟು ಮಾಡಿಸಿಕೊಂಡರೆ ಬಾಗಿಲ ಗಾಜಿಗೆ ಮನೆಬಾಗಿಲಿನ ಸೇವೆಯೇ ಸರಿ. ಗ್ಯಾರೇಜಿನಲ್ಲಿ ಕಣ್ಣಿಗೆ ಬೀಳದ ಕೆಲಸ ಇಲ್ಲಿ ಕಣ್ಣೆದುರೇ ನಡೆಯುತ್ತದಲ್ಲ.

ಮುಂದಿನ ಗಾಜಿನದು ಬೇರೆಯೇ ಕತೆ. ಬೀದಿಯಲ್ಲಿ ನಿಲ್ಲಿಸಿಯೇ ಮುಂದಿನ ಗಾಜು ಬದಲಿಸುವ ಪದ್ಧತಿ ಕೋಲ್ಕತ್ತಕ್ಕೆ ಹಳೆಯದು. ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರ ಮೇ ತಿಂಗಳವರೆಗೆ ತಯಾರಾದ ಅಂಬಾಸಡರ್ ಇಲ್ಲಿನ ಟ್ಯಾಕ್ಸಿಗಳ ಕಾರಾಗಿತ್ತು. ಅದರ ಮುಂದಿನ ಗಾಜು ರಬ್ಬರ್ ಬೀಡಿಂಗಿನಲ್ಲಿ ಕೂತಿರುತ್ತಿತ್ತು. ಬೀಡಿಂಗಿನ ಸಂದಿಯಲ್ಲಿ ಒಂದು ಹಗ್ಗ ಸುತ್ತಿ, ಸೋಪಿನ ನೀರು ಸವರಿ, ಹೊರಗಿನಿಂದ ಒಬ್ಬ ಗಾಜು ಒತ್ತಿಹಿಡಿದರೆ ಒಳಗಿನವನು ಹಗ್ಗವನ್ನು ಮೆಲ್ಲಗೆ ಎಳೆಯುತ್ತಿದ್ದ. ರಬ್ಬರಿನ ಅಂಚು ತಾನಾಗಿ ಚೌಕಟ್ಟಿನ ಮೇಲೆ ಹತ್ತಿ ಕೂರುತ್ತಿತ್ತು. ಕೂತಿತೆಂದರೆ ಮುಗಿಯಿತು, ಟ್ಯಾಕ್ಸಿ ಆ ಕ್ಷಣವೇ ಬಾಡಿಗೆಗೆ ಹೊರಡಬಹುದಿತ್ತು. ನಿಜಕ್ಕೂ ಚಂದದ ಕೈಚಳಕ ಅದು. ಇವತ್ತಿನ ಕಾರಿಗೆ ಮಾತ್ರ ಅದು ನಡೆಯುವುದಿಲ್ಲ. ಈಗಿನ ಗಾಜನ್ನು ಲೋಹದ ಚೌಕಟ್ಟಿಗೆ ಪಾಲಿಯುರೆಥೇನ್ ಅಂಟಿನಿಂದ ಹತ್ತಿಸಿರುತ್ತಾರೆ, ಮಿಸ್ತ್ರಿಗಳ ಮಾತಿನಲ್ಲಿ ಪಿಯು. ಕಾರು ಮಗುಚಿದರೆ ಮಾಡು ಕುಸಿಯದಂತೆ ತಡೆಯುವುದರಲ್ಲಿ ಆ ಗಾಜಿನ ಪಾಲೂ ಇದೆ. ಹಲವು ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಒರಗುವುದೂ ಅದಕ್ಕೇ. ಅಂಟು ಬಿಟ್ಟರೆ ಗಾಜು ಹೊರಗೆ, ಅದರ ಬೆನ್ನಿಗೆ ಏರ್‌ಬ್ಯಾಗೂ ಹೊರಗೆ.

ಗಾಜಿನ ಗುಣದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟ ಲ್ಯಾಮಿನೇಟೆಡ್ ಗಾಜೇ ಆಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಹೇಳುತ್ತದೆ. ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ 1909ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತೂ ಐಎಸ್ 2553 ಎಂಬ ಸಂಖ್ಯೆಯೂ ಇವೆಯೇ ಎಂದು ಕೂರಿಸುವ ಮುನ್ನ ನೋಡಿಕೊಂಡರಾಯಿತು. ಕಪ್ಪು ಫಿಲ್ಮ್ ಹಾಕಿಕೊಡುತ್ತೇನೆ ಎಂದು ಆಸೆ ತೋರಿಸಿದರೆ ಬೇಡವೆನ್ನಿ. ಹಿಂದುಮುಂದಿನ ಗಾಜಿನಲ್ಲಿ ಶೇಕಡ 70, ಬದಿಯ ಗಾಜಿನಲ್ಲಿ ಶೇಕಡ 50 ಬೆಳಕು ಹಾಯಬೇಕೆಂಬುದು ಅದೇ ನಿಯಮದ ಮಾತು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಿಲ್ಮಿನ ವಿರುದ್ಧ ತೀರ್ಪು ಕೊಟ್ಟದ್ದೂ ಅದನ್ನೇ ಹಿಡಿದು.

ಗಾಜು ಒಳ್ಳೆಯದಿದ್ದೂ ಕೆಲಸ ಕೆಡುವುದು ಅಂಟಿನಲ್ಲಿ. ಬಲ್ಲವನು ಹಳೆಯ ಅಂಟನ್ನು ಪೂರ್ತಿ ಕೆರೆಯುವುದಿಲ್ಲ, ತೆಳ್ಳಗೆ ಒಂದು ಪದರ ಉಳಿಸಿ ಕುಯ್ಯುತ್ತಾನೆ. ಹೊಸ ಅಂಟು ಹಳೆಯದರ ಮೇಲೆಯೇ ಚೆನ್ನಾಗಿ ಹಿಡಿಯುತ್ತದೆ. ಕುಯ್ಯುವಾಗ ಚೌಕಟ್ಟಿನ ಬಣ್ಣ ಕೆತ್ತಿಹೋದ ಕಡೆ ಪ್ರೈಮರ್ ಮುಟ್ಟಿಸುತ್ತಾನೆ, ಅದು ಆರುವವರೆಗೆ ಕಾಯುತ್ತಾನೆ. ಅಂಟಿನ ಟ್ಯೂಬಿನ ತಾರೀಕು ನೋಡುತ್ತಾನೆ. ಗನ್ನಿನಿಂದ ಎತ್ತರದ ತ್ರಿಕೋನಾಕಾರದ ಎಳೆಯನ್ನು ನಡುವೆ ಎಲ್ಲೂ ಕಡಿಯದಂತೆ ಸುತ್ತಲೂ ಬಿಡುತ್ತಾನೆ. ಗಾಜನ್ನು ಇಬ್ಬರು ಹಿಡಿದು ಒಂದೇ ಸಲಕ್ಕೆ ಇಡಬೇಕು. ಇಟ್ಟಮೇಲೆ ಆಚೆ ಈಚೆ ಸರಿಸುವಂತಿಲ್ಲ. ಆಮೇಲೆ ಒಂದು ಕಿಟಕಿಯನ್ನು ಬೆರಳಗಲ ತೆರೆದಿಡುತ್ತಾನೆ. ಎಲ್ಲ ಕಿಟಕಿ ಮುಚ್ಚಿದ ಕಾರಿನ ಬಾಗಿಲನ್ನು ರಪ್ಪೆಂದು ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ದೂಡುತ್ತದೆ. ಇಷ್ಟು ಮಾಡಿದಮೇಲೂ ಗಾಡಿ ಹೊರಡಿಸಲು ಅಂಟಿನ ಜಾತಿಗೆ ತಕ್ಕಂತೆ ಒಂದು ಗಂಟೆಯಿಂದ ಹಲವು ಗಂಟೆಯವರೆಗೆ ಬಿಡುವು ಬೇಕು, ಪೂರ್ತಿ ಗಟ್ಟಿಯಾಗಲು ಒಂದು ದಿನಕ್ಕೂ ಹೆಚ್ಚು.

ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಆ ಲೆಕ್ಕದಲ್ಲಿ ಕೋಲ್ಕತ್ತದ ಜಿಗುಟು ಹವೆ ಅದಕ್ಕೆ ಹೇಳಿಮಾಡಿಸಿದ್ದು. ಆದರೆ ಅಂಟು ಹಚ್ಚುವ ಮುಂಚೆ ಮೇಲ್ಮೈ ಮೇಲೆ ಒಂದು ಹನಿ ಬಿದ್ದರೂ ಅಲ್ಲಿ ಹಿಡಿತ ತಪ್ಪುತ್ತದೆ. ಜಾದವ್‌ಪುರದ ಗಲ್ಲಿಯಲ್ಲಿ ಆಕಾಶವೇ ಚಪ್ಪರ. ಬೇಸಿಗೆಯ ಮಧ್ಯಾಹ್ನ ಮೂರಕ್ಕೆ ಶುರುಮಾಡಿದ ಕೆಲಸವನ್ನು ಐದಕ್ಕೆ ಬರುವ ಕಾಲ್‌ಬೈಶಾಖಿ ಅರ್ಧಕ್ಕೆ ನಿಲ್ಲಿಸಬಹುದು. ನಿಲ್ಲಿಸಿದರೆ ಒಳ್ಳೆಯದೇ. ನಮ್ಮ ಕಟ್ಟಡದ ನಿವೃತ್ತ ಮೇಷ್ಟ್ರ ಕಾರಿಗೆ ಹಾಗಾಗಲಿಲ್ಲ. ಮೋಡ ಕಟ್ಟಿದ್ದನ್ನು ಕಂಡು ಬಂದವರು ಕೈ ಚುರುಕು ಮಾಡಿದರು. ಮೇಷ್ಟ್ರು “ಎಷ್ಟು ಹೊತ್ತು ಬಿಡಬೇಕಪ್ಪಾ?” ಎಂದು ಕೇಳಿದರು. “ಏನೂ ಬೇಡ ಕಾಕು, ಈಗಲೇ ಹೊರಡಿ” ಎಂಬ ಉತ್ತರ ಬಂತು. ಬಿಲ್ಲು, ಗ್ಯಾರಂಟಿ ಕಾರ್ಡು ಎಲ್ಲ ಅಚ್ಚುಕಟ್ಟು. ಮೊದಲ ದೊಡ್ಡ ಮಳೆಗೆ ಡ್ಯಾಶ್‌ಬೋರ್ಡಿನ ಬಲಮೂಲೆಯಲ್ಲಿ ನೀರು ಜಿನುಗಿತು. ಕರೆದಾಗ ಅವರು ಬಂದರು ನಿಜ, ಬಂದು ಹೊರಗಿನಿಂದ ಸಿಲಿಕೋನ್ ಬಳಿದು ಹೋದರು. ಜಿನುಗುವುದು ನಿಂತಿತು. ಒಳಗಿನ ಅಂಟು ಎಷ್ಟು ಹಿಡಿದಿದೆ ಎಂಬುದು ಈಗ ಅಪಘಾತವಾಗದೆ ತಿಳಿಯುವ ಮಾತಲ್ಲ. ಈ ಕಸುಬಿನ ಕಷ್ಟ ಅದೇ: ಕೆಟ್ಟ ಕೆಲಸವೂ ಹೊರಗಿನಿಂದ ಒಳ್ಳೆಯ ಕೆಲಸದಂತೆಯೇ ಹೊಳೆಯುತ್ತದೆ.

ಸಣ್ಣದೆನಿಸುವ ಇನ್ನೊಂದು ತಾಪತ್ರಯ ಸ್ಟಿಕ್ಕರುಗಳದ್ದು. ಫಾಸ್ಟ್ಯಾಗ್ ಹಳೆಯ ಗಾಜಿನೊಂದಿಗೇ ಹೋಗುತ್ತದೆ, ಕಿತ್ತು ಹೊಸದಕ್ಕೆ ಹಚ್ಚಿದರೆ ಓದುವುದಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಬಂದ, ಪೆಟ್ರೋಲಿಗೆ ತಿಳಿನೀಲಿ, ಡೀಸೆಲಿಗೆ ಕಿತ್ತಳೆ ಬಣ್ಣದ ನೋಂದಣಿ ಸ್ಟಿಕ್ಕರೂ ಅಷ್ಟೆ. ಎರಡನ್ನೂ ಹೊಸದಾಗಿ ತರಿಸಿಕೊಳ್ಳಬೇಕು. ಗಾಜಿನವರು ಇದನ್ನು ಮೊದಲೇ ಹೇಳಿದರೆ ಟೋಲ್ ಗೇಟಿನಲ್ಲಿ ಪೆಚ್ಚಾಗುವುದು ತಪ್ಪುತ್ತದೆ.

2021ರಲ್ಲಿ ಎಕ್ಸ್‌ಯುವಿ700, ಆಸ್ಟರ್ ಬಂದಮೇಲೆ ನಮ್ಮಲ್ಲೂ ಗಾಜಿನ ಹಿಂದೆ ಕ್ಯಾಮೆರಾ ಕೂತ ಕಾರುಗಳು ಹೆಚ್ಚಾಗಿವೆ. ಮುಂದಿನ ವಾಹನ ನೋಡಿ ತಾನೇ ಬ್ರೇಕ್ ಹಾಕುವ ಕಾರುಗಳಿವು. ಗಾಜು ಬದಲಾದಮೇಲೆ ಆ ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸಬೇಕು. ಅದಕ್ಕೆ ಸಮತಟ್ಟು ನೆಲ, ಅಳೆದ ದೂರದಲ್ಲಿ ನಿಲ್ಲಿಸಿದ ಗುರಿಫಲಕ, ಹದವಾದ ಬೆಳಕು ಬೇಕು, ಇಲ್ಲವೇ ಸ್ಪಷ್ಟ ಪಟ್ಟೆಗಳಿರುವ ರಸ್ತೆಯಲ್ಲಿ ಓಡಿಸಬೇಕು. ಜಾದವ್‌ಪುರದ 8ಬಿ ಬಸ್ ನಿಲ್ದಾಣದ ಸುತ್ತ ಇವುಗಳಲ್ಲಿ ಯಾವುದು ಸಿಗುತ್ತದೆ ಎಂದು ಹುಡುಕಿ ನೋಡಿ. ಇಂಥ ಕಾರಿಗೆ ಮನೆಗೆ ಬರುವುದಿಲ್ಲ, ನಮ್ಮಲ್ಲಿಗೇ ತನ್ನಿ ಎನ್ನುವ ಕಂಪನಿಯನ್ನೇ ನಾನು ನಂಬುವುದು.

ದುಡ್ಡಿನ ವಿಷಯದಲ್ಲಿ ಮಾರುವವರ ಜಾಣ್ಮೆಯೇ ಹೆಚ್ಚು. “ಇನ್ಶೂರೆನ್ಸ್ ಇದೆಯಲ್ಲ, ನಿಮಗೇನೂ ಖರ್ಚಿಲ್ಲ” ಎನ್ನುತ್ತಾರೆ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ ಎಂಬುದು ನಿಜ. ಆದರೆ 1500 ಸಿಸಿವರೆಗಿನ ಕಾರಿಗೆ ₹1000, ಅದಕ್ಕೂ ದೊಡ್ಡದಕ್ಕೆ ₹2000 ಕಡ್ಡಾಯವಾಗಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಅದೂ ಸಣ್ಣದೇ. ಒಂದು ಕ್ಲೇಮಿನೊಂದಿಗೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುವುದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ವರ್ಷಗಟ್ಟಲೆ ಕ್ಲೇಮ್ ಮಾಡದೆ ಶೇಕಡ 50ಕ್ಕೆ ಮುಟ್ಟಿಸಿಕೊಂಡವರು, ಅದನ್ನು ಕಾಯುವ ಆ್ಯಡ್‌ಆನ್ ಇಲ್ಲದಿದ್ದರೆ, ಸಣ್ಣ ಕಾರಿನ ಬಾಗಿಲ ಗಾಜನ್ನು ಸ್ವಂತ ದುಡ್ಡಿನಲ್ಲೇ ಹಾಕಿಸಿಕೊಳ್ಳುವುದು ಲಾಭ. ಮುಂದಿನ ಗಾಜು ದುಬಾರಿ, ಅಲ್ಲಿ ಲೆಕ್ಕ ಹಾಕಿ ನೋಡಬೇಕು. ಕ್ಲೇಮ್ ಮಾಡುವುದೇ ಆದರೆ ಗಾಜು ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿರಬೇಕು.

ಇಷ್ಟಾದರೂ ಮುಂದಿನ ಗಾಜಿಗೆ ಮನೆಗೇ ಕರೆಸುವವರಿದ್ದಾರೆ. ನೆಲಮಟ್ಟದಲ್ಲಿ ಸ್ವಂತ ಪಾರ್ಕಿಂಗು, ತಲೆಯ ಮೇಲೆ ಸ್ಲ್ಯಾಬು, ಸಂಜೆಯವರೆಗೆ ಗಾಡಿ ಅಲುಗಿಸದಿರುವ ಅನುಕೂಲ, ಕ್ಯಾಮೆರಾ ಇಲ್ಲದ ಕಾರು, ಬರುವವರು ಇಬ್ಬರು ಎಂಬ ಖಾತ್ರಿ ಇವಿಷ್ಟಿದ್ದರೆ ನಾನೂ ಕರೆಸಿಯೇನು. ಆದರೆ ಬಿಲ್ಲಿನಲ್ಲಿ ಇನ್ನೆರಡು ಸಾಲು ಕೇಳುತ್ತೇನೆ. ಅಂಟಿನ ಹೆಸರು, ಬ್ಯಾಚ್ ನಂಬರು ಒಂದರಲ್ಲಿ. ಗಾಜು ಕೂರಿಸಿದ ವೇಳೆ, ಗಾಡಿ ಹೊರಡಬಹುದಾದ ವೇಳೆ ಇನ್ನೊಂದರಲ್ಲಿ. ನಾನು ಕಂಡ ಬಿಲ್ಲುಗಳಲ್ಲಿ ಗಾಜು ಒಂದು, ಫಿಟ್ಟಿಂಗ್ ಚಾರ್ಜು ಇಷ್ಟು, ಗ್ಯಾರಂಟಿ ಇಂತಿಷ್ಟು ತಿಂಗಳು ಎಂದು ಮಾತ್ರ ಇರುತ್ತದೆ. ಗ್ಯಾರಂಟಿ ಬರೆಯಲು ಜಾಗ ಇರುವ ಕಾಗದದಲ್ಲಿ ಈ ಎರಡು ಸಾಲಿಗೂ ಜಾಗ ಇದೆ.