ಹೆಣ ಹೊತ್ತ ಕತೆ, ರಕ್ತವಿಲ್ಲದ ಪಟ್ಟಿ

ಮಕ್ಕಳಿಗೆ ಫ್ಯಾಂಟಸಿ, ವೈಜ್ಞಾನಿಕ ಕಾದಂಬರಿ ಯಾವುದು ಕೊಡಲಿ ಎಂದು ಕೇಳುವವರು ಈಗೀಗ ಷರತ್ತೊಂದನ್ನೂ ಇಡುತ್ತಾರೆ: ರಕ್ತಪಾತ, ಹಸಿಹಸಿ ಶೃಂಗಾರ ಇರಬಾರದು. ಷರತ್ತು ತಪ್ಪಲ್ಲ. ಆದರೆ ಅದೊಂದನ್ನೇ ಹಿಡಿದು ಪಟ್ಟಿಗೆ ಕೂತರೆ ಮೊದಲು ಹೊರಬೀಳುವವನು ನಮ್ಮ ಬೇತಾಳ. ಹೆಗಲ ಮೇಲೆ ಹೆಣ, ಸ್ಮಶಾನದ ದಾರಿ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು! ‘ಚಂದಮಾಮ’ದಲ್ಲಿ ಇದನ್ನೇ ಓದಿ ಬೆಳೆದವರು ಕೆಟ್ಟದ್ದನ್ನು ನಾನು ಕಂಡಿಲ್ಲ.

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟನ್ನರ ನೆಲೆಯಿದೆ. ಅವರ ಪರಂಪರೆಯಲ್ಲೂ ಈ ಹೆಣ ಮಾತಾಡುತ್ತದೆ; ನಮ್ಮ ಬೇತಾಳ ಕತೆಗಳೇ ಹಿಮಾಲಯ ದಾಟಿ ಅಲ್ಲಿ ಬೇರೆ ವೇಷ ತೊಟ್ಟವು. ಅಲ್ಲಿ ರಾಜಕುಮಾರನನ್ನು ಕಳಿಸುವವನು ಆಚಾರ್ಯ ನಾಗಾರ್ಜುನ. ಹೆಣವನ್ನು ಚೀಲದಲ್ಲಿ ಹೊತ್ತು ತರಬೇಕು, ದಾರಿಯಲ್ಲಿ ತುಟಿ ಬಿಚ್ಚಬಾರದು. ಬೇತಾಳನನ್ನು ಹೊತ್ತ ನಮ್ಮ ವಿಕ್ರಮ ಮೌನ ಮುರಿಯುವುದು ತೀರ್ಪು ಕೊಡಲು. ಈ ಹುಡುಗ ಮುರಿಯುವುದು ಕತೆಗೆ ಮರುಳಾಗಿ, ಮೈಮರೆತು. ಫ್ಯಾಂಟಸಿಯ ಓದುಗ ಇವನೇ. ಪುಸ್ತಕ ಸೂಚಿಸುವವರು ಮೊದಲು ಕೇಳಿಕೊಳ್ಳಬೇಕಾದ್ದೂ ಇದನ್ನೇ: ಇದು ಹೀಗೆ ಬಾಯಿ ಬಿಡಿಸುತ್ತದೆಯೇ? ‘ಏನೂ ಕೆಟ್ಟದ್ದಿಲ್ಲ’ ಎಂಬುದು ಶಿಫಾರಸೇ ಅಲ್ಲ.

ಹಾಗಾದರೆ ಕ್ರೌರ್ಯವನ್ನು ಅಳೆಯುವುದು ಹೇಗೆ? ನಾಗರಹೊಳೆ ಅಂಚಿನ ಮಕ್ಕಳಿಗೆ ಹುಲಿ ಹೊಸದಲ್ಲ, ಸಾವೂ ಹೊಸದಲ್ಲ. ಪುಣ್ಯಕೋಟಿಯ ಹುಲಿಯೂ ಸಾಯುತ್ತದೆ. ಹಾಡು ಗಾಯದ ಮುಂದೆ ನಿಂತು ಕಣ್ಣರಳಿಸುವುದಿಲ್ಲ, ಅಷ್ಟೆ. ಏನು ನಡೆಯಿತು ಎಂಬುದಕ್ಕಿಂತ ಬರೆದವನ ಕಣ್ಣು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ನೋಡಬೇಕು.

ಈ ಅಳತೆಯಲ್ಲಿ ನನ್ನ ಮೊದಲ ಆಯ್ಕೆ ತೇಜಸ್ವಿಯವರ ‘ಕರ್ವಾಲೊ’ (1980). ಇದು ವೈಜ್ಞಾನಿಕ ಕಾದಂಬರಿಯೇ ಎಂದು ಕೆಲವರು ತಕರಾರು ತೆಗೆದಾರು. ಅದರಲ್ಲಿ ಹುಡುಕಿ ಹೊರಡುವ ಹಾರುವ ಓತಿ ಪಶ್ಚಿಮಘಟ್ಟದಲ್ಲಿ ನಿಜಕ್ಕೂ ಇದೆ ಎನ್ನಿ. ಇದ್ದರೇನಂತೆ! ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿಯ ಜೊತೆ ಕಾಡು ಹೊಕ್ಕವರು ಕೊನೆಗೆ ಆ ಓತಿಯ ಮುಂದೆ ನಿಂತಾಗ, ಲಕ್ಷಾಂತರ ವರ್ಷಗಳ ಕಾಲ ಎದುರು ಬಂದು ಕೂತಂತಾಗುತ್ತದೆ. ಅಲ್ಲಿಯವರೆಗೆ ನಗಿಸಿಕೊಂಡು ಬಂದವರು ತೇಜಸ್ವಿಯೇ ಎಂಬುದು ಆಗ ನೆನಪಾಗುವುದಿಲ್ಲ.

ಕಂಬಾರರ ‘ಶಿಖರಸೂರ್ಯ’ ಎಷ್ಟೇ ದೊಡ್ಡ ಕೃತಿಯಾದರೂ ಈ ಪಟ್ಟಿಗೆ ಬೇಡ; ಅದು ದೊಡ್ಡವರ ಓದು.

ಇಂಗ್ಲಿಷ್ ಓದುವವರಿಗೆ ಉರ್ಸುಲಾ ಲೆ ಗ್ವಿನ್ನರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ (1968). ಗೆಡ್ ಎಂಬ ಹುಡುಗ ಜಂಬಕ್ಕೆ ಬಿದ್ದು ನೆರಳೊಂದನ್ನು ಲೋಕಕ್ಕೆ ಬಿಡುತ್ತಾನೆ, ಅದು ಅವನನ್ನೇ ಬೆನ್ನಟ್ಟುತ್ತದೆ. ಕೊನೆಯ ಮುಖಾಮುಖಿಯಲ್ಲಿ ಕತ್ತಿಯೇ ಇಲ್ಲ. ಷರತ್ತಿನ ಪ್ರಕಾರ ಅಪ್ಪಟ ಶುದ್ಧ ಪುಸ್ತಕ. ಆದರೂ ಆ ನೆರಳಿನ ಭಯ ಯಾವ ಯುದ್ಧದ ವರ್ಣನೆಗೂ ಕಡಿಮೆಯಿಲ್ಲ. ಎಂಟರ ಕೂಸಿಗೆ ಕೊಡಲಾರೆ, ಹದಿಮೂರರ ಹುಡುಗಿಗೆ ಕಣ್ಣುಮುಚ್ಚಿ ಕೊಟ್ಟೇನು.